ಬಂಗಿನ ಕ್ರೀಮ್ ನಡೆದು ಬಂದ ದಾರಿ

ಮುಖದ ಬಂಗಿಗೆಂದು ಮೆಡಿಕಲ್ ಶಾಪುಗಳಲ್ಲಿ ಸಿಗುವ ಮೂರು ಮದ್ದಿನ ಕ್ರೀಮಿನ ಮೂಲ ಇರುವುದು 1975ರ ಒಂದು ಅಮೆರಿಕನ್ ಸಂಶೋಧನಾ ಲೇಖನದಲ್ಲಿ. ಅದನ್ನು ಬರೆದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಐಸಾಕ್ ವಿಲ್ಲಿಸ್ ಶೇ. 5 ಹೈಡ್ರೋಕ್ವಿನೋನ್, ಶೇ. 0.1 ಟ್ರೆಟಿನಾಯಿನ್, ಶೇ. 0.1 ಡೆಕ್ಸಾಮೆಥಾಸೋನ್ ಬೆರೆಸಿದ್ದರು. ಮೂರರಲ್ಲಿ ಯಾವುದನ್ನು ಬಿಟ್ಟರೂ ಗುಣ ಕುಗ್ಗುತ್ತಿತ್ತು. ಹೈಡ್ರೋಕ್ವಿನೋನ್ ಚರ್ಮದಲ್ಲಿ ಕಪ್ಪುಬಣ್ಣ ಹುಟ್ಟುವುದನ್ನು ತಡೆಯುತ್ತದೆ. ಟ್ರೆಟಿನಾಯಿನ್ ಅದು ಒಳಗಿಳಿಯಲು ದಾರಿ ಮಾಡಿಕೊಡುತ್ತದೆ, ಜೊತೆಗೆ ಉರಿಯನ್ನೂ ತರುತ್ತದೆ. ಆ ಉರಿಯನ್ನು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಅಡಗಿಸುತ್ತದೆ. ಸ್ಟಿರಾಯ್ಡಿನಿಂದ ಚರ್ಮ ತೆಳುವಾಗುವುದನ್ನು ಟ್ರೆಟಿನಾಯಿನ್ ತಕ್ಕಮಟ್ಟಿಗೆ ತಡೆಯುತ್ತದೆ. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಮೈಮೇಲೆ 1974ರವರೆಗೂ ಪ್ರಯೋಗ ನಡೆಸಿದ ಕಳಂಕ ಕ್ಲಿಗ್‌ಮನ್ ಹೆಸರಿಗೆ ಅಂಟಿಕೊಂಡಿದೆ, ಅದು ಅಂಟಿಯೇ ಇರಬೇಕು. ಆದರೂ ಈ ಬೆರಕೆಯ ಹಿಂದಿನ ಯೋಚನೆ ಗಟ್ಟಿಯಾದದ್ದು.

ಅಪಾಯ ಇರುವುದೂ ಆ ಯೋಚನೆಯಲ್ಲೇ ಎಂಬುದು ನನ್ನ ವಾದ. ಹಚ್ಚಿದ ಮದ್ದು ಅತಿಯಾದಾಗ ಚರ್ಮ ಉರಿಯುತ್ತದೆ, ಕೆಂಪಾಗುತ್ತದೆ, ಸಿಪ್ಪೆ ಏಳುತ್ತದೆ. ನಾವು ಕೈ ತಡೆಯುತ್ತೇವೆ. ಸ್ಟಿರಾಯ್ಡ್ ಆ ಸೂಚನೆಯನ್ನೇ ಅಳಿಸುತ್ತದೆ. ಹಾಗಾಗಿ ಎಲ್ಲಿ ನಿಲ್ಲಿಸಬೇಕೆಂದು ಹೇಳಬೇಕಾದದ್ದು ಚರ್ಮವಲ್ಲ, ವೈದ್ಯರು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇಂಥ ಕ್ರೀಮಿಗೆ ಒಪ್ಪಿಗೆ ಕೊಟ್ಟಾಗ ಸ್ಟಿರಾಯ್ಡ್ ಸೌಮ್ಯವಾದದ್ದಾಗಿತ್ತು, ಬಳಕೆಯ ಮಿತಿ 8 ವಾರ. ಭಾರತದಲ್ಲಿ ಜನಪ್ರಿಯವಾದ ಬೆರಕೆಯಲ್ಲಿ ಉಳಿದೆರಡರ ಪ್ರಮಾಣ ಇಳಿಯಿತು, ಆದರೆ ಆ ಸೌಮ್ಯ ಸ್ಟಿರಾಯ್ಡಿಗಿಂತ ಬಲವಾದ ಮೊಮೆಟಾಸೋನ್ ಸೇರಿತು. ವಾರಗಳ ಮಿತಿ ಅಂಗಡಿಯ ಕಟ್ಟೆ ದಾಟಲೇ ಇಲ್ಲ. ಬೆಳ್ಳಗಾಗುವ ಆಸೆಗೆ ತಿಂಗಳುಗಟ್ಟಲೆ ಹಚ್ಚಿದವರ ಮುಖದಲ್ಲಿ ಮೊಡವೆ, ಬೇಡದ ಕೂದಲು, ಎದ್ದು ಕಾಣುವ ರಕ್ತನಾಳಗಳು ಮೂಡಿದವು. ನಿಲ್ಲಿಸಿದರೆ ಉರಿ ಕೆರಳುತ್ತಿತ್ತು, ಮತ್ತೆ ಅದನ್ನೇ ಹಚ್ಚುತ್ತಿದ್ದರು. ನಮ್ಮ ಚರ್ಮತಜ್ಞರು ಇದನ್ನು ಸ್ಟಿರಾಯ್ಡಿನಿಂದ ಕೆಟ್ಟ ಮುಖ ಎಂದೇ ಪ್ರತ್ಯೇಕವಾಗಿ ಗುರುತಿಸಬೇಕಾಯಿತು.

ಚರ್ಮತಜ್ಞರೇ ಇಲ್ಲದ ಊರಿನಲ್ಲಿ ಅಂಗಡಿಯ ಕ್ರೀಮ್ ಬಿಟ್ಟರೆ ಗತಿಯೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬಂಗು ಜೀವಕ್ಕೆ ಎರವಾಗುವ ಕಾಯಿಲೆಯಲ್ಲ. ಬಿಸಿಲಿನಿಂದ ಮುಖ ಕಾಪಾಡಿಕೊಂಡು ತಜ್ಞರು ಸಿಗುವತನಕ ಕಾಯಬಹುದು. ತೆಳುವಾದ ಚರ್ಮ ಅಷ್ಟು ಸುಲಭವಾಗಿ ಮರಳದು. ಮದ್ದುಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದ್ದಾರಲ್ಲ, ಕೂಡಿಸಿದರೆ ತಪ್ಪೇನು ಎಂಬ ಮಾತೂ ಇದೆ. ರೆಟಿನಾಲ್ ಮತ್ತು ಆಮ್ಲದ ಸೀರಮ್ಮುಗಳನ್ನು ಒಂದೇ ರಾತ್ರಿ ಹಚ್ಚಿಕೊಳ್ಳುವವರ ಸಮರ್ಥನೆಯೂ ಇದೇ. ಬಿಡಿಯಾಗಿ ಪಾಸಾದ ಮದ್ದುಗಳು ಕೂಡಿದಾಗ ಹೇಗೆ ವರ್ತಿಸುತ್ತವೆಂಬುದು ಬೇರೆಯೇ ಪ್ರಶ್ನೆ. 1975ರ ಲೇಖನ ತೋರಿಸಿದ್ದೂ ಅದನ್ನೇ. ಹಚ್ಚುವ ಸ್ಟಿರಾಯ್ಡುಗಳಲ್ಲಿ ಹಲವನ್ನು ಭಾರತ ಸರ್ಕಾರ ಕೊನೆಗೂ 2018ರಲ್ಲಿ ವೈದ್ಯರ ಚೀಟಿಯ ಕಟ್ಟುಪಾಡಿಗೆ ತಂದಿತು. ಕಟ್ಟುಪಾಡು ಏನೇ ಇರಲಿ, ಇಂಥ ಕ್ರೀಮನ್ನು ತಿಂಗಳುಗಳಿಂದ ಹಚ್ಚುತ್ತಿರುವವರು ಒಮ್ಮೆಲೇ ಬಿಡದೆ, ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮತಜ್ಞರ ಬಳಿ ಹೋಗಿ.