ದಿನಬಳಕೆಯ ಬದುಕಿನಲ್ಲಿ ಬೈಬಲ್: ತಲಾಂತಿನಿಂದ ಸಮಾರ್ಯದವನವರೆಗೆ

ಹಿಂಜವಾಡಿಯ ಸಾಫ್ಟ್‌ವೇರ್ ಕಚೇರಿಗಳಲ್ಲಿ ದಿನವೂ ಕೇಳಿಬರುವ ಪದಗಳಲ್ಲಿ ‘ಟ್ಯಾಲೆಂಟ್’ ಎಂಬುದೂ ಒಂದು. ನಮ್ಮ ಮಕ್ಕಳ ನೇಮಕಾತಿ ನಡೆಯುವುದು ಆ ಹೆಸರಿನ ವಿಭಾಗದಲ್ಲಿ. ವಸತಿ ಸಂಕೀರ್ಣಗಳ ಗಣೇಶೋತ್ಸವದಲ್ಲಿ ಮೊಮ್ಮಕ್ಕಳು ಹಾಡುವುದು ‘ಟ್ಯಾಲೆಂಟ್ ಶೋ’ದಲ್ಲಿ. ಈ ಪದಕ್ಕೆ ‘ಪ್ರತಿಭೆ’ ಎಂಬ ಅರ್ಥವನ್ನು ಕೊಟ್ಟದ್ದು ಬೈಬಲಿನ ಒಂದು ಸಾಮತಿ ಎಂಬುದು ಬಹುಜನರಿಗೆ ತಿಳಿಯದ ಸಂಗತಿ.

ಮೂಲದಲ್ಲಿ ಟ್ಯಾಲೆಂಟ್ ಎಂದರೆ ತೂಕದ ಅಳತೆ, ಅಷ್ಟು ತೂಕದ ಬೆಳ್ಳಿಯ ಹಣ. ಒಂದು ಟ್ಯಾಲೆಂಟ್ ಕೂಲಿಕಾರನೊಬ್ಬನ ಸುಮಾರು 6000 ದಿನಗಳ ಸಂಬಳಕ್ಕೆ ಸಮನಾಗಿತ್ತೆಂದು ಲೆಕ್ಕ ಹಾಕುತ್ತಾರೆ. ಕನ್ನಡ ಬೈಬಲಿನಲ್ಲಿ ಇದು ‘ತಲಾಂತು’. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ದೂರದೇಶಕ್ಕೆ ಹೊರಟ ಯಜಮಾನನು ಮೂವರು ಸೇವಕರಿಗೆ ಐದು, ಎರಡು ಮತ್ತು ಒಂದು ತಲಾಂತುಗಳನ್ನು ವಹಿಸಿ ಹೋಗುತ್ತಾನೆ. ಮೊದಲಿಬ್ಬರು ವ್ಯಾಪಾರ ಮಾಡಿ ಇಮ್ಮಡಿಗೊಳಿಸುತ್ತಾರೆ; ಮೂರನೆಯವನು ಹೆದರಿ ನೆಲದಲ್ಲಿ ಹೂತಿಡುತ್ತಾನೆ. ಸಾಹುಕಾರರಲ್ಲಿ ಇಟ್ಟಿದ್ದರೆ ಬಡ್ಡಿಯಾದರೂ ಬರುತ್ತಿತ್ತಲ್ಲ ಎಂದು ಯಜಮಾನನು ಅವನನ್ನು ಗದರುತ್ತಾನೆ. ಮೂರು ದಶಕ ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನಗೆ ಈ ಮಾತು ಓದಿದಾಗಲೆಲ್ಲ ನಗು ಬರುತ್ತದೆ. ದೇವರು ಕೊಟ್ಟದ್ದನ್ನು ಬಳಸದೆ ಹೂತಿಡಬಾರದೆಂಬ ವ್ಯಾಖ್ಯಾನದಿಂದ ಹಣದ ಪದವು ಯೂರೋಪಿನಲ್ಲಿ ಕ್ರಮೇಣ ಸಾಮರ್ಥ್ಯದ ಪದವಾಯಿತು. ಅದೇ ಗ್ರಂಥದ ವಿಮೋಚನಕಾಂಡವು ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ತೆಗೆದುಕೊಳ್ಳಬಾರದೆಂದು ವಿಧಿಸುತ್ತದೆ ಎಂಬುದನ್ನೂ ಇಲ್ಲಿ ಹೇಳದಿದ್ದರೆ ಲೆಕ್ಕ ಸರಿಹೋಗದು.

‘ಬೈಬಲ್’ ಎಂಬುದು ‘ಪುಸ್ತಕಗಳು’ ಎಂಬರ್ಥದ ಗ್ರೀಕ್ ಪದದಿಂದ ಬಂದಿದೆ. ಪ್ರಾಟೆಸ್ಟೆಂಟರ ಬೈಬಲಿನಲ್ಲಿ 66, ಕ್ಯಾಥೋಲಿಕರದರಲ್ಲಿ 73 ಪುಸ್ತಕಗಳಿವೆ. ಇದು ಕನ್ನಡಕ್ಕೆ ಬಂದು ಎರಡು ಶತಮಾನಗಳಾಗಿವೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದ ಕೈಗೊಂಡನು. ಅವನ ಜೊತೆಗಾರ ವಿಲಿಯಂ ರೀವ್ ನಿಘಂಟು ರಚನೆಗೆ ಹೆಸರಾದನು. 1830ರ ದಶಕದ ಆರಂಭಕ್ಕೆ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಲಭ್ಯವಾಗಿತ್ತು. ಮಂಗಳೂರಿನ ಬಾಸೆಲ್ ಮಿಷನ್, 1843ರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು ಇವೆಲ್ಲ ನಮ್ಮ ಓದುಗರಿಗೆ ಪರಿಚಿತವೇ. ಧರ್ಮಪ್ರಚಾರವೇ ಆ ಪಾದ್ರಿಗಳ ಮುಖ್ಯ ಉದ್ದೇಶವಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಅದರಿಂದ ನುಡಿಗೆ ಒದಗಿದ ಲಾಭವನ್ನು ಅಲ್ಲಗಳೆಯಬೇಕಾಗಿಯೂ ಇಲ್ಲ.

ಹೆಚ್ಚು ಕುತೂಹಲಕರವಾದುದು ಅನುವಾದದಲ್ಲಿ ನೆಲೆನಿಂತ ಪದಗಳು. ಬೈಬಲಿನ ಮೊದಲ ಐದು ಪುಸ್ತಕಗಳಿಗೆ ಕನ್ನಡದಲ್ಲಿ ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎಂದು ಹೆಸರು. ರಾಮಾಯಣ ಬಲ್ಲವರ ಕಿವಿಗೆ ‘ಅರಣ್ಯಕಾಂಡ’ ಹೊಸದಲ್ಲ. ಇಂಗ್ಲಿಷಿನಲ್ಲಿ ಇದೇ ಪುಸ್ತಕದ ಹೆಸರು ‘ನಂಬರ್ಸ್’, ಅಂದರೆ ಜನಗಣತಿಯ ಸಂಖ್ಯೆಗಳು. ಹೀಬ್ರೂ ಹೆಸರಿನ ಅರ್ಥ ‘ಅರಣ್ಯದಲ್ಲಿ’. ಇಸ್ರಾಯೇಲ್ಯರ ವನವಾಸದ ಕಥೆಗೆ ಕನ್ನಡದ ಹೆಸರೇ ಮೂಲಕ್ಕೆ ಹತ್ತಿರವಾಗಿದೆ. ದಾವೀದನ ಸ್ತೋತ್ರಗಳು ದಾಸರ ಪದ್ಧತಿಯಂತೆ ‘ಕೀರ್ತನೆಗಳು’ ಆದವು. ಕ್ರೈಸ್ತ ಸಭೆಗೆ ಸೇರುವ ವಿಧಿ ‘ದೀಕ್ಷಾಸ್ನಾನ’ವಾಯಿತು, ‘ದೀಕ್ಷೆ’ ಲಿಂಗಾಯತರಿಗೂ ಜೈನರಿಗೂ ಅಷ್ಟೇ ಆಪ್ತವಾದ ಮಾತು. ಗ್ರಂಥದ ಹೆಸರೇ ‘ಸತ್ಯವೇದವು’. ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿಯೇ ಹೇಳಿದನು. ಕ್ರೈಸ್ತರಲ್ಲದ ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಬರೆದರು.

ನಾವು ನೆಲೆಸಿರುವ ಪುಣೆಗೂ ಈ ಕಥೆಯಲ್ಲಿ ಪಾಲಿದೆ. ಪಂಡಿತಾ ರಮಾಬಾಯಿ 1858ರಲ್ಲಿ ಜನಿಸಿದ್ದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳದವರು. ಸಂಸ್ಕೃತ ಪಾಂಡಿತ್ಯಕ್ಕಾಗಿ ಬಂಗಾಳದಲ್ಲಿ ‘ಪಂಡಿತಾ’ ಎನಿಸಿಕೊಂಡ ಈಕೆ ಮುಂದೆ ಕ್ರೈಸ್ತಮತ ಸ್ವೀಕರಿಸಿದರು. ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಶಾರದಾ ಸದನವನ್ನು ಮರುವರ್ಷ ಪುಣೆಗೆ ತಂದರು, ಬಳಿಕ ಕೇಡಗಾಂವದಲ್ಲಿ ಮುಕ್ತಿ ಮಿಷನ್ ಕಟ್ಟಿದರು. ಆಗಿನ ಮರಾಠಿ ಬೈಬಲಿನ ಭಾಷೆ ಸಾಮಾನ್ಯ ಹೆಂಗಸರಿಗೆ ನಿಲುಕದೆಂದು ಹೀಬ್ರೂ, ಗ್ರೀಕ್ ಕಲಿತು ತಾವೇ ಸರಳ ಮರಾಠಿಗೆ ಅನುವಾದಿಸಿದರು. ಅವರು 1922ರಲ್ಲಿ ನಿಧನರಾದರು. ಬೈಬಲ್ 1924ರಲ್ಲಿ ಪ್ರಕಟವಾಯಿತು. ಸೋಲಾಪುರದ ರೈಲಿನಲ್ಲಿ ಊರಿಗೆ ಹೋಗುವವರು ಕೇಡಗಾಂವ ನಿಲ್ದಾಣವನ್ನು ದಾಟಿಯೇ ಹೋಗುತ್ತಾರೆ.

ನಮ್ಮ ಸಂಘಸಂಸ್ಥೆಗಳು ಆಚರಿಸುವ ‘ಜುಬಿಲಿ’ಯೂ ಬೈಬಲಿನದೇ. ಯಾಜಕಕಾಂಡದ ಪ್ರಕಾರ ಪ್ರತಿ 50ನೆಯ ವರ್ಷ ಕೊಂಬೂದಿ ಸಾರಿ, ಮಾರಿಹೋದ ಭೂಮಿಯನ್ನು ಮೂಲ ಒಡೆಯರ ಮನೆತನಕ್ಕೆ ಹಿಂದಿರುಗಿಸಬೇಕು, ಜೀತಕ್ಕಿದ್ದವರನ್ನು ಬಿಡಬೇಕು. 25ರ ಬೆಳ್ಳಿಹಬ್ಬಕ್ಕೆ ಅಲ್ಲಿ ಆಧಾರವಿಲ್ಲ.

ಇವೆಲ್ಲ ಪದಗಳ ಮಾತಾಯಿತು. ಪ್ರಾಣಕ್ಕೆ ಸಂಬಂಧಿಸಿದ ಒಂದು ಪದವಿದೆ: ‘ಗುಡ್ ಸಮಾರಿಟನ್’, ಕನ್ನಡ ಬೈಬಲಿನ ಸಮಾರ್ಯದವನು. ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ, ಯೆರೂಸಲೇಮಿನಿಂದ ಯೆರಿಕೋವಿಗೆ ಹೊರಟವನೊಬ್ಬನು ದರೋಡೆಗೀಡಾಗಿ ದಾರಿಯಲ್ಲಿ ಬಿದ್ದಿರುತ್ತಾನೆ. ಯಾಜಕನೊಬ್ಬನು ಕಂಡೂ ಪಕ್ಕಕ್ಕೆ ಸರಿದು ಹೋಗುತ್ತಾನೆ, ಲೇವಿಯನೂ ಹಾಗೆಯೇ. ಯೆಹೂದ್ಯರಿಗೆ ಸಲ್ಲದ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ತನ್ನ ವಾಹನಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ಒಯ್ಯುತ್ತಾನೆ. ಮುಂಗಡ ಕೊಟ್ಟು, ಹೆಚ್ಚಾದರೆ ಹಿಂದಿರುಗುವಾಗ ತೀರಿಸುವೆನೆನ್ನುತ್ತಾನೆ.

ವಾಕಡ್‌ನಿಂದ ಹೆದ್ದಾರಿ ಹಿಡಿದು ಬೆಳಗಾವಿ, ಹುಬ್ಬಳ್ಳಿಗಳ ಕಡೆಗೆ ಹೋಗುವ ನಮಗೆ ಈ ದೃಶ್ಯ ಅಪರಿಚಿತವಲ್ಲ. ಒಮ್ಮೆ ಖಂಬಾಟಕಿ ಘಾಟಿನ ಕೆಳಗೆ ಉರುಳಿದ ಬೈಕೊಂದನ್ನು ಕಂಡು ನಮ್ಮ ಕಾರು ನಿಧಾನಿಸಿತು. ಪೊಲೀಸು, ಸಾಕ್ಷಿ, ಕೋರ್ಟು ಎಂದುಕೊಂಡು ಮುಂದೆ ಸಾಗಿತು. ಹೆಂಡತಿ ಸಾತಾರಾವರೆಗೂ ಮಾತನಾಡಲಿಲ್ಲ. ಅದು ಕಾನೂನು ಬರುವುದಕ್ಕೆ ಬಹಳ ಮುಂಚಿನ ಮಾತು ಎಂದು ಈಗ ಸಮಾಧಾನ ಹೇಳಿಕೊಳ್ಳಬಹುದು, ಆದರೆ ಯಾಜಕನಿಗೂ ಅವನದೇ ಕಾರಣಗಳು ಇದ್ದಿರಬೇಕು.

ನೆರವಾದವರ ರಕ್ಷಣೆಯ ಮಾರ್ಗಸೂಚಿಗಳಿಗೆ 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕಾನೂನಿನ ಬಲ ನೀಡಿತು. ಕರ್ನಾಟಕವು 2016ರಲ್ಲಿ ಇದೇ ಹೆಸರಿನ ತನ್ನದೇ ಕಾಯ್ದೆ ರೂಪಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿ ರಕ್ಷಣೆ ದೇಶವ್ಯಾಪಿಯಾಯಿತು. ಸದ್ಭಾವನೆಯಿಂದ, ಪ್ರತಿಫಲ ಬಯಸದೆ ಗಾಯಾಳುವಿಗೆ ನೆರವಾದವನ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. 2020ರ ನಿಯಮಗಳಂತೆ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಕೊಡಲು ಅವನನ್ನು ಒತ್ತಾಯಿಸುವಂತಿಲ್ಲ. ತಾನಾಗಿ ಕೊಟ್ಟರೆ ಸರಿ. ಈ ಹಕ್ಕುಗಳ ಫಲಕವನ್ನು ಪ್ರತಿ ಆಸ್ಪತ್ರೆಯೂ ಹಿಂದಿ, ಇಂಗ್ಲಿಷ್ ಹಾಗೂ ಸ್ಥಳೀಯ ಭಾಷೆಯಲ್ಲಿ ಪ್ರವೇಶದ್ವಾರದ ಬಳಿ ಹಾಕಬೇಕು: ಸಾತಾರಾ, ಕೊಲ್ಹಾಪುರಗಳಲ್ಲಿ ಮರಾಠಿಯಲ್ಲಿ, ನಿಪ್ಪಾಣಿಯಿಂದಾಚೆಗೆ ಕನ್ನಡದಲ್ಲಿ.