ಹಿಮ ಅಳೆದವರ ಊರು

ಮ್ಯಾಮತ್ ಲೇಕ್ಸ್ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮೋನೊ ಕೌಂಟಿಗೆ ಸೇರಿದ ಬೆಟ್ಟದೂರು. ಸಿಯೆರಾ ನೆವಾಡಾ ಪರ್ವತಸಾಲಿನ ಪೂರ್ವ ಮಗ್ಗುಲಲ್ಲಿ, ಸುಮಾರು 7,900 ಅಡಿ ಎತ್ತರದಲ್ಲಿದೆ. 2020ರ ಜನಗಣತಿಯಂತೆ ಜನಸಂಖ್ಯೆ 7,191. ಊರಿಗೆ ಸ್ವಂತ ಸ್ಥಳೀಯ ಆಡಳಿತ ಬಂದದ್ದು 1984ರಲ್ಲಿ. ಲಾಸ್ ಏಂಜಲೀಸ್‌ನಿಂದ 395ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಬಂದರೆ ಸುಮಾರು 300 ಮೈಲಿ ದೂರ. ಊರಿನ ಪಶ್ಚಿಮಕ್ಕೆ 11,053 ಅಡಿಯ ಮ್ಯಾಮತ್ ಬೆಟ್ಟವಿದೆ. ಚಳಿಗಾಲದಲ್ಲಿ ಇಲ್ಲಿಗೆ ಬರುವ ಸಾವಿರಾರು ಜನರೂ, ಅವರಿಂದ ನಡೆಯುವ ಬದುಕೂ ಈ ಬೆಟ್ಟವನ್ನೇ ನಂಬಿವೆ.

ಪಾಯೂಟ್ ಜನ ಬಹಳ ಹಿಂದಿನಿಂದ ಈ ಕಣಿವೆಗಳಲ್ಲಿ ಬೇಟೆಯಾಡುತ್ತಿದ್ದರು. ಇಲ್ಲಿನ ಕಪ್ಪು ಗಾಜುಗಲ್ಲನ್ನು ಕಣಿವೆ ದಾಟಿಸಿ ಪಶ್ಚಿಮದವರೊಂದಿಗೆ ವಿನಿಮಯ ಮಾಡಿಕೊಳ್ಳುತ್ತಿದ್ದರು. ಬಿಳಿಯರನ್ನು ಇತ್ತ ಎಳೆದು ತಂದದ್ದು ಒಂದು ದಂತಕಥೆ. 1857ರಲ್ಲಿ ವಲಸೆ ಹೊರಟಿದ್ದ ಇಬ್ಬರು ದಾರಿ ತಪ್ಪಿ ಓವೆನ್ಸ್ ನದಿಯ ಮೂಲದ ಕಡೆಗೆ ಬಂದರೆಂದೂ, ಸಿಮೆಂಟಿನಂತೆ ಗಟ್ಟಿಕಟ್ಟಿದ್ದ ಕೆಂಬಂಡೆಯಲ್ಲಿ ಚಿನ್ನದ ಚೂರುಗಳನ್ನು ಕಂಡರೆಂದೂ ಕಥೆ. ಆ ಬಂಡೆ ಮತ್ತೆ ಯಾರಿಗೂ ಸಿಗಲಿಲ್ಲ. ಆದರೂ ದಶಕಗಳ ಕಾಲ ಹುಡುಕುವವರು ಬರುತ್ತಲೇ ಇದ್ದರು. ಮಾರ್ಕ್ ಟ್ವೇನ್ ಕೂಡ ತಮ್ಮ ಪಶ್ಚಿಮ ಪ್ರವಾಸದ ಪುಸ್ತಕದಲ್ಲಿ ಈ ಗಣಿಯ ಪ್ರಸ್ತಾಪ ಮಾಡಿದ್ದಾರೆ. ಕೊನೆಗೆ 1877ರಲ್ಲಿ ಹತ್ತಿರದ ಮಿನರಲ್ ಹಿಲ್‌ನಲ್ಲಿ ಅದಿರು ಸಿಕ್ಕಿತು, ಮರುವರ್ಷ ಮ್ಯಾಮತ್ ಮೈನಿಂಗ್ ಕಂಪನಿ ಹುಟ್ಟಿತು, ಅದರ ಹೆಸರೇ ಊರಿಗೂ ನಿಂತಿತು. ಆದರೆ ಅದಿರು ನಂಬಿದಷ್ಟು ಇರಲಿಲ್ಲ, ಚಳಿಗಾಲವೂ ಕ್ರೂರವಾಗಿತ್ತು. 1880ರ ಹೊತ್ತಿಗೆ ಗಣಿ ನಿಂತು, ಜನ ಗಂಟುಮೂಟೆ ಕಟ್ಟಿದರು.

ಹಿಮಕ್ಕೆ ಹೆದರಿ ಬಿಟ್ಟುಹೋದ ಇದೇ ಜಾಗಕ್ಕೆ ಹಿಮದ ಆಸೆಯಿಂದಲೇ ಮತ್ತೆ ಜನ ಬರುವಂತೆ ಮಾಡಿದವರು ಡೇವ್ ಮೆಕಾಯ್. ಅವರು 1915ರ ಆಗಸ್ಟ್ 24ರಂದು ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೊದಲ್ಲಿ ಹುಟ್ಟಿದರು. ಬಾಲ್ಯದಲ್ಲೇ ಒಮ್ಮೆ ಸಿಯೆರಾದ ಪೂರ್ವ ಮಗ್ಗುಲನ್ನು ಕಂಡಿದ್ದರು. ಶಾಲೆ ಮುಗಿಯುತ್ತಲೇ 1930ರ ದಶಕದಲ್ಲಿ ಓವೆನ್ಸ್ ಕಣಿವೆಗೆ ಬಂದು ನೆಲೆಸಿದರು. ಮೀನು ಹಿಡಿಯುವುದು, ಬೆಟ್ಟ ಹತ್ತುವುದು, ಮೋಟರ್‌ಬೈಕ್ ಓಡಿಸುವುದು, ಸ್ಕೀ ಮಾಡುವುದು ಅವರ ಬದುಕಿನ ಬಹುಪಾಲಾಗಿತ್ತು. 1938ರಲ್ಲಿ, ಇನ್ನೂ ಇಪ್ಪತ್ತೆರಡರ ಹರೆಯದಲ್ಲಿ, ರಾಜ್ಯಮಟ್ಟದ ಸ್ಲಾಲಮ್ ಸ್ಕೀ ಸ್ಪರ್ಧೆ ಗೆದ್ದರು.

ಊರಿನ ಚರಿತ್ರೆಗೆ ಈ ಗೆಲುವಿಗಿಂತ ಅವರ ನೌಕರಿ ಮುಖ್ಯ. ಅದನ್ನು ಜನ ಮರೆಯುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು. ಲಾಸ್ ಏಂಜಲೀಸ್ ನಗರ 1913ರಿಂದ ಓವೆನ್ಸ್ ಕಣಿವೆಯ ನೀರನ್ನು ದೊಡ್ಡ ಕಾಲುವೆಯಲ್ಲಿ ಹರಿಸಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಎಷ್ಟು ನೀರು ಬರುತ್ತದೆಂದು ಮೊದಲೇ ತಿಳಿಯಬೇಕಾದರೆ ಬೆಟ್ಟದ ಮೇಲಿನ ಹಿಮ ಅಳೆಯಬೇಕು. ನಗರದ ಜಲ ಮತ್ತು ವಿದ್ಯುತ್ ಇಲಾಖೆಯಲ್ಲಿ ಮೆಕಾಯ್ ಅವರಿಗೆ ಸಿಕ್ಕಿದ್ದು ಇದೇ ಕೆಲಸ. ಗೊತ್ತುಮಾಡಿದ ಜಾಗಗಳಿಗೆ ಸ್ಕೀ ಕಟ್ಟಿಕೊಂಡು ಹೋಗಬೇಕು. ಟೊಳ್ಳು ಲೋಹದ ಕೊಳವೆಯನ್ನು ನೆಲ ಮುಟ್ಟುವವರೆಗೆ ಹಿಮಕ್ಕೆ ಇಳಿಸಬೇಕು. ಆಳ ಗುರುತು ಹಾಕಿಕೊಂಡು, ಒಳಗೆ ತುಂಬಿದ ಹಿಮದ ಸಮೇತ ಕೊಳವೆಯನ್ನು ತೂಗಬೇಕು. ಆ ತೂಕದಿಂದ, ಹಿಮ ಕರಗಿದರೆ ಎಷ್ಟು ಅಂಗುಲ ನೀರಾಗುತ್ತದೆಂಬ ಲೆಕ್ಕ ಸಿಗುತ್ತದೆ. ಕೆಲವು ದಿನ ಅವರು 50 ಮೈಲಿಯಷ್ಟು ದೂರ ಸ್ಕೀ ಮೇಲೆ ಸಾಗುತ್ತಿದ್ದರು.

ಈ ತಿರುಗಾಟದಲ್ಲಿ ಅವರಿಗೆ ತಿಳಿದದ್ದು ಇಷ್ಟು: ಹೆದ್ದಾರಿ ಪಕ್ಕದ ಇಳಿಜಾರುಗಳಲ್ಲಿ ಹಿಮ ಬೇಗ ಕರಗುತ್ತದೆ, ಮ್ಯಾಮತ್ ಬೆಟ್ಟದ ಉತ್ತರ ಮುಖದಲ್ಲಿ ಆಳವಾಗಿ ಬೀಳುತ್ತದೆ, ವಸಂತ ಕಳೆದರೂ ಉಳಿಯುತ್ತದೆ. ಇದಕ್ಕೆ ಭೂಗೋಳದ ಕಾರಣವಿದೆ. ಸಿಯೆರಾದ ಎತ್ತರದ ಶಿಖರಸಾಲು ಇಲ್ಲಿ ತಗ್ಗಿದೆ. ಸ್ಯಾನ್ ಹ್ವಾಕಿನ್ ನದಿಯ ಕಣಿವೆಯಲ್ಲಿ ನುಗ್ಗಿ ಬರುವ ಪೆಸಿಫಿಕ್ ಬಿರುಗಾಳಿಗಳು ಆ ತಗ್ಗಿನಿಂದ ಹಾಯ್ದು, ತಮ್ಮ ತೇವವನ್ನೆಲ್ಲ ಈ ಬೆಟ್ಟದ ಮೇಲೆ ಸುರಿಸುತ್ತವೆ. 2022–23ರ ಋತುವಿನಲ್ಲಿ ಬೆಟ್ಟದ ಬುಡದ ಮುಖ್ಯ ತಂಗುದಾಣದಲ್ಲೇ ದಾಖಲೆಯ 715 ಅಂಗುಲ ಹಿಮ ಬಿತ್ತು. ಬೆಟ್ಟವನ್ನು ಆರಿಸಿದ್ದು ಅದೃಷ್ಟದಿಂದಲ್ಲ, ಅಳತೆಯಿಂದ.

1938ರಲ್ಲಿ ಮೆಕಾಯ್ ಹೆದ್ದಾರಿಗೆ ಹತ್ತಿರದ ಮೆಕ್‌ಗೀ ಬೆಟ್ಟದಲ್ಲಿ ಫೋರ್ಡ್ ಮಾಡೆಲ್ ಎ ಲಾರಿಯ ಬಿಡಿಭಾಗಗಳಿಂದ ಹಗ್ಗದ ಲಿಫ್ಟ್ ಹೂಡಿದರು. ಓಡುವ ಹಗ್ಗವನ್ನು ಕೈಯಲ್ಲಿ ಹಿಡಿದರೆ ಅದು ಸ್ಕೀಗಾರನನ್ನು ಮೇಲಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಕಾಯಂ ಲಿಫ್ಟ್‌ಗೆ 85 ಡಾಲರ್ ಸಾಲ ಬೇಕಾಗಿತ್ತು. ಅಡ ಇಡಲು ಇದ್ದದ್ದು ಹಾರ್ಲಿ ಡೇವಿಡ್ಸನ್ ಬೈಕೊಂದೇ. ಬ್ಯಾಂಕು ಮೊದಲು ಒಪ್ಪಲಿಲ್ಲ. ಅಲ್ಲೇ ಕೆಲಸಕ್ಕಿದ್ದ ರೋಮಾ ಕ್ಯಾರಿಯರ್ ಒತ್ತಾಯಿಸಿದ್ದರಿಂದ ಸಾಲ ಸಿಕ್ಕಿತೆಂದು ಊರಿನವರು ಇಂದಿಗೂ ಹೇಳುತ್ತಾರೆ. ಮುಂದೆ ಆಕೆ ಡೇವ್ ಅವರ ಪತ್ನಿಯಾದರು. ಆರು ಮಕ್ಕಳ ಸಂಸಾರವನ್ನೂ ಬೆಟ್ಟದ ಕೆಲಸವನ್ನೂ ನಿಭಾಯಿಸಿದ ರೋಮಾ ಅವರ ಪಾಲು ಈ ಒಂದು ಸಾಲದ ಕಥೆಗಿಂತ ಬಹಳ ದೊಡ್ಡದು. ಗಂಡನಿಗೆ ಸಿಕ್ಕ ಮನ್ನಣೆಯ ಅರ್ಧವೂ ಆಕೆಗೆ ಸಿಕ್ಕಿಲ್ಲ.

1942ರ ಸ್ಪರ್ಧೆಯೊಂದರಲ್ಲಿ ಮೆಕಾಯ್ ಅವರ ಕಾಲು ನುಚ್ಚುನೂರಾಗಿ, ವೈದ್ಯರು ಅದನ್ನು ಕತ್ತರಿಸುವ ಮಾತಾಡಿದ್ದರು. ಕಾಲು ಉಳಿಯಿತು. ಈ ಹೊತ್ತಿಗೆ ಅವರ ಹಗ್ಗದ ಲಿಫ್ಟ್‌ಗಳು ಮ್ಯಾಮತ್ ಕಡೆಗೆ ಸರಿಯತೊಡಗಿದ್ದವು. ಬೆಟ್ಟವಿರುವುದು ಸರಕಾರಿ ಕಾಡಿನಲ್ಲಿ. ಅಲ್ಲಿ ಸ್ಕೀ ತಾಣ ಬೆಳೆಸಲು ಅರಣ್ಯ ಸೇವೆ ಬಂಡವಾಳಗಾರರನ್ನು ಕರೆದಾಗ ದುಡ್ಡಿದ್ದವರು ಹಿಂಜರಿದರು. ಊರು ತೀರಾ ದೂರ, ಬೆಟ್ಟ ತೀರಾ ಎತ್ತರ, ಗಾಳಿ ಜೋರು, ಹಿಮವೂ ಅತಿಯಾಯಿತು ಎಂಬುದು ತಿಳಿದವರ ಅಭಿಪ್ರಾಯ. 1953ರಲ್ಲಿ ಪರವಾನಗಿ ಮೆಕಾಯ್ ಅವರಿಗೇ ಸಿಕ್ಕಿತು. ಮೊದಲ ಚೇರ್‌ಲಿಫ್ಟ್ 1955ರಲ್ಲಿ ಓಡಿತು. ಅದರ ಕಂಬಗಳ ಗುಂಡಿ ತೋಡಿದವರಲ್ಲಿ ಗೆಳೆಯರೂ ಅವರೇ ತರಬೇತಿ ಕೊಟ್ಟ ಎಳೆಯರೂ ಇದ್ದರು.

ಆ ಎಳೆಯರ ಕಥೆಯೇ ಬೇರೊಂದು ಅಧ್ಯಾಯ. ಮೆಕಾಯ್ ಅವರ ಶಿಷ್ಯರಲ್ಲಿ ಒಬ್ಬರು ಬಿಷಪ್ ಪಟ್ಟಣದ ಜಿಲ್ ಕಿನ್‌ಮಾಂಟ್. 1955ರ ಜನವರಿಯಲ್ಲಿ ಯೂಟಾ ರಾಜ್ಯದ ಆಲ್ಟಾದಲ್ಲಿ ನಡೆದ ಸ್ಪರ್ಧೆಯಲ್ಲಿ ಬಿದ್ದು ಆಕೆಯ ಕುತ್ತಿಗೆಯಿಂದ ಕೆಳಗೆ ಸ್ವಾಧೀನ ತಪ್ಪಿತು. ಆಕೆ ಓದಿ ಶಿಕ್ಷಕಿಯಾದರು, ಬಿಷಪ್‌ನಲ್ಲೇ ಮಕ್ಕಳಿಗೆ ಪಾಠ ಹೇಳಿದರು. ಆಕೆಯ ಬದುಕನ್ನು ಕುರಿತು 1975ರಲ್ಲಿ ಸಿನಿಮಾ ಬಂತು. ಮೆಕಾಯ್ ಅವರ ಮಗಳು ಪೆನ್ನಿ 1966ರಲ್ಲಿ ಚಿಲಿಯ ಪೋರ್ಟಿಲೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ ಸ್ಲಾಲಮ್‌ನಲ್ಲಿ ಕಂಚು ಗೆದ್ದರು. ಮರುವರ್ಷ ತಂದೆಯ ಹೆಸರು ಅಮೆರಿಕದ ಸ್ಕೀ ಹಾಲ್ ಆಫ್ ಫೇಮ್ ಸೇರಿತು.

ಊರಿನ ಹಳೆಯ ನೋವೊಂದು 1982ರದು. ಮ್ಯಾಮತ್ ಬೆಟ್ಟ ಜ್ವಾಲಾಮುಖಿ. ಸುಮಾರು 7,60,000 ವರ್ಷಗಳ ಹಿಂದಿನ ಮಹಾಸ್ಫೋಟದಿಂದ ಕುಸಿದ ಲಾಂಗ್ ವ್ಯಾಲಿ ತಗ್ಗಿನ ಅಂಚಿನಲ್ಲಿ ಅದು ನಿಂತಿದೆ. 1980ರ ಮೇ ಕೊನೆಯಲ್ಲಿ ಈ ಭಾಗದಲ್ಲಿ 6ರ ಆಸುಪಾಸಿನ ತೀವ್ರತೆಯ ನಾಲ್ಕು ಭೂಕಂಪಗಳಾದವು, ನೆಲ ಉಬ್ಬತೊಡಗಿತು. ಎರಡು ವರ್ಷದ ಮೇಲೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಜ್ವಾಲಾಮುಖಿ ಅಪಾಯದ ಸೂಚನೆ ಹೊರಡಿಸಿತು. ಅಧಿಕೃತ ಪ್ರಕಟಣೆಗೆ ಮೊದಲೇ ಸುದ್ದಿ ಲಾಸ್ ಏಂಜಲೀಸ್ ಪತ್ರಿಕೆಯಲ್ಲಿ ಬಂದಿತ್ತು. ಮನೆ ಜಾಗಗಳ ಬೆಲೆ ಕುಸಿಯಿತು, ವ್ಯಾಪಾರ ಕುಗ್ಗಿತು. ತಮಗೆ ಸಂಬಂಧಿಸಿದ್ದನ್ನು ದೂರದ ನಗರದ ಪತ್ರಿಕೆಯಿಂದ ತಿಳಿಯಬೇಕಾಯಿತಲ್ಲ ಎಂಬ ಊರಿನವರ ಸಿಟ್ಟು ನ್ಯಾಯವಾದದ್ದೇ. ಅಪಾಯ ಬಂದರೆ ಪಾರಾಗಲೆಂದು ಎರಡನೇ ರಸ್ತೆಯೊಂದನ್ನು ಮಾಡಿದರು. ‘ತಪ್ಪಿಸಿಕೊಳ್ಳುವ ದಾರಿ’ ಎಂದರೆ ಪ್ರವಾಸಿಗರು ಹೆದರುತ್ತಾರೆಂದು ಅದಕ್ಕೆ ‘ಮ್ಯಾಮತ್ ಸೀನಿಕ್ ಲೂಪ್’ ಎಂದು ಹೆಸರಿಟ್ಟರು. ಅಪಾಯವಂತೂ ಸುಳ್ಳಾಗಿರಲಿಲ್ಲ. 1990ರಿಂದ ಹಾರ್ಸ್‌ಶೂ ಕೆರೆಯ ಬಳಿ ನೆಲದಿಂದ ಬರುವ ಇಂಗಾಲದ ಡೈ ಆಕ್ಸೈಡ್ ಮರಗಳನ್ನು ಕೊಂದಿದೆ. 2006ರ ಏಪ್ರಿಲ್‌ನಲ್ಲಿ ಸ್ಕೀ ತಾಣದ ಮೂವರು ಗಸ್ತುಗಾರರು ಹಿಮದಡಿಯ ಅನಿಲರಂಧ್ರದ ಬಳಿ ಪ್ರಾಣ ಬಿಟ್ಟರು.

ಮೆಕಾಯ್ 2005ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ತಾಣದ ಒಡೆತನ ಬಿಟ್ಟುಕೊಟ್ಟರು, 36.5 ಕೋಟಿ ಡಾಲರ್ ಮೌಲ್ಯ ಕಟ್ಟಿದ ಆ ವ್ಯವಹಾರದಲ್ಲಿ ಅದು ಸ್ಟಾರ್‌ವುಡ್ ಕ್ಯಾಪಿಟಲ್ ಕೈಸೇರಿತು. ಅಷ್ಟು ಹೊತ್ತಿಗೆ ಸ್ಕೀ ಪ್ರದೇಶ ಸುಮಾರು 3,500 ಎಕರೆಗೆ ಹರಡಿತ್ತು. ಆಮೇಲೂ ಅವರು ಮನೆಯಲ್ಲಿ ಕೂರಲಿಲ್ಲ. ಒರಟು ದಾರಿಯಲ್ಲಿ ಓಡುವ ಪುಟ್ಟ ವಾಹನದಲ್ಲಿ ಬೆಟ್ಟಗುಡ್ಡ ಸುತ್ತಿ ಫೋಟೊ ತೆಗೆಯುತ್ತಿದ್ದರು. 2017ರಲ್ಲಿ ತಾಣ ಮತ್ತೆ ಕೈ ಬದಲಾಯಿಸಿ, ಹಲವು ರಾಜ್ಯಗಳಲ್ಲಿ ಸ್ಕೀ ತಾಣಗಳಿರುವ ಕಂಪನಿಯೊಂದರ ಪಾಲಾಯಿತು. ಬೆಟ್ಟದ ಬುಡದಲ್ಲೇ ವಾಸಿಸುವ ಮಾಲೀಕ ಇಂದು ಊರಿಗಿಲ್ಲ. ಲಿಫ್ಟ್ ನಡೆಸುವ ಅನೇಕರು ಒಂದು ಋತುವಿಗೆಂದು ಬಂದು ಹೋಗುವವರು; ಅವರ ಕೈಗೆಟಕುವ ಬಾಡಿಗೆಗೆ ಇಲ್ಲಿ ಮನೆ ಸಿಗುವುದು ಕಷ್ಟ. ಕೊಳವೆ ಹಿಡಿದು ಹಿಮ ತೂಗುತ್ತಿದ್ದ ಯುವಕನ ಕಥೆ ಇವರಲ್ಲಿ ಎಷ್ಟು ಜನರ ಕಿವಿಗೆ ಬೀಳುತ್ತದೆಂಬುದು ಹಳಬರ ಚಿಂತೆ.

ಡೇವ್ ಮೆಕಾಯ್ 2020ರ ಫೆಬ್ರುವರಿ 8ರಂದು ಬಿಷಪ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 104 ವರ್ಷ. ಊರಿನ ಮಕ್ಕಳು ಇಲ್ಲೇ ಇದ್ದು ಕಾಲೇಜು ಓದಲೆಂದು 1989ರಲ್ಲಿ ಅವರು ಮುಂದೆ ನಿಂತು ಕಟ್ಟಿದ ಪ್ರತಿಷ್ಠಾನ ಈಗಲೂ ಕೆಲಸ ಮಾಡುತ್ತಿದೆ.