ಮೂರು ತಿಂಗಳ ವೀಸಾ, ಆರು ತಿಂಗಳ ಅಜ್ಜ-ಅಜ್ಜಿ

2020ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಮೂರು ಬಾಗಿಲುಗಳು ಮುಚ್ಚಿಕೊಂಡವು. 19ರ ಮಧ್ಯಾಹ್ನದಿಂದ ಯುಎಇ, ದೇಶದ ಹೊರಗಿದ್ದ ತನ್ನ ನಿವಾಸಿಗಳಿಗೂ ಪ್ರವೇಶ ನಿಲ್ಲಿಸಿತು. 22ರಿಂದ ಹೊರದೇಶಗಳ ಪ್ರಯಾಣಿಕ ವಿಮಾನಗಳು ಭಾರತದಲ್ಲಿ ಇಳಿಯುವಂತಿರಲಿಲ್ಲ. 25ರಂದು ದುಬೈ, ಅಬುಧಾಬಿಗಳ ಪ್ರಯಾಣಿಕ ವಿಮಾನಗಳೂ ನಿಂತವು. ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ನಾಲ್ಕು ದಿನ ಇದ್ದು ಹೋಗೋಣವೆಂದು ಚಳಿಗಾಲದಲ್ಲಿ ಬಂದಿದ್ದ ಅಪ್ಪ-ಅಮ್ಮಂದಿರು ಇಲ್ಲೇ ಉಳಿದರು. ಊರಿನಲ್ಲಿದ್ದವರು ಅಲ್ಲೇ ಉಳಿದರು. ದುಬೈಯ ಕನ್ನಡಿಗರ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಸಂಘಗಳನ್ನು, ರಾಜ್ಯೋತ್ಸವಗಳನ್ನು, ಉದ್ಯಮಿಗಳ ಸಾಧನೆಯನ್ನು ಬರೆಯುತ್ತಾರೆ. ಆ ಹಿರಿಯರು ಆ ದಿನಗಳನ್ನು ಹೇಗೆ ಕಳೆದರು ಎಂಬುದು ಯಾವ ಸ್ಮರಣ ಸಂಚಿಕೆಯಲ್ಲೂ ಬರುವ ವಿಷಯವಲ್ಲ. ಅದಕ್ಕಾಗಿಯೇ ಇಲ್ಲಿ ಅದನ್ನು ಬರೆದಿಡುತ್ತಿದ್ದೇನೆ.

ಮೊದಲು ಒಂದು ಹಿನ್ನೆಲೆ ಹೇಳಬೇಕು. ಕೊಲ್ಲಿಯ ಕನ್ನಡ ಸಮಾಜ ಬಹುಕಾಲ ಅಜ್ಜ-ಅಜ್ಜಿಯರಿಲ್ಲದ ಸಮಾಜವಾಗಿತ್ತು. ನಮ್ಮ ಹಿಂದಿನವರು ಮುಂಬೈಯಿಂದ ಹಡಗು ಹತ್ತಿ ಬಂದವರು. ಬ್ರಿಟಿಷ್ ಇಂಡಿಯಾ ಕಂಪನಿಯ ‘ದ್ವಾರಕಾ’ ಹಡಗು 1982ರವರೆಗೂ ಮುಂಬೈ, ಕರಾಚಿ ಮತ್ತು ಕೊಲ್ಲಿಯ ಬಂದರುಗಳ ನಡುವೆ ಓಡಾಡುತ್ತಿತ್ತು. ಬಂದವರೆಲ್ಲ ದುಡಿಯುವ ವಯಸ್ಸಿನವರು. ಕೆಲಸವಿದ್ದರೆ ವೀಸಾ, ಕೆಲಸ ಮುಗಿದರೆ ಊರು. ಮುಪ್ಪು ಎಂಬುದು ಈ ನೆಲದ ಲೆಕ್ಕದಲ್ಲೇ ಇರಲಿಲ್ಲ. ಹೆತ್ತವರನ್ನು ಜೊತೆಯಲ್ಲಿ ಇಟ್ಟುಕೊಳ್ಳಲು ಅವಕಾಶವೇನೋ ಇತ್ತು. ಆದರೆ ಅದಕ್ಕೆ 20,000 ದಿರ್ಹಮ್ ಸಂಬಳ ಬೇಕಿತ್ತು, ಊರಿನಲ್ಲಿ ಅವರನ್ನು ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲವೆಂಬ ದೃಢೀಕರಣ ಬೇಕಿತ್ತು, ವಿಮೆ ಬೇಕಿತ್ತು, ವರ್ಷವರ್ಷವೂ ನವೀಕರಣ ಬೇಕಿತ್ತು. ಹೆಚ್ಚಿನವರಿಗೆ ಇದು ಎಟುಕುವ ಮಾತಲ್ಲ. ಆದ್ದರಿಂದ ತಿಂಗಳ ಅಥವಾ ಮೂರು ತಿಂಗಳ ಸಂದರ್ಶಕ ವೀಸಾವೇ ನಮ್ಮ ಅಪ್ಪ-ಅಮ್ಮಂದಿರ ದುಬೈ.

2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದ ಮೇಲೆ ದೂರ ಕುಗ್ಗಿತು. ರಾತ್ರಿ ಫೋನ್ ಬಂದರೆ ಬೆಳಿಗ್ಗೆ ಬಜಪೆಯಲ್ಲಿ ಇಳಿಯಬಹುದು ಎಂಬ ಧೈರ್ಯ ನಮ್ಮೆಲ್ಲರ ಬದುಕಿನ ಕೆಳಗೆ ಅಡಿಪಾಯದಂತೆ ಇತ್ತು. ತಾಯಿಯನ್ನು ಉಡುಪಿಯಲ್ಲೋ ಮೈಸೂರಿನಲ್ಲೋ ಒಬ್ಬರನ್ನೇ ಬಿಟ್ಟು ಬರಲು ನಮಗೆ ಧೈರ್ಯ ಕೊಟ್ಟದ್ದು ನಾಲ್ಕು ಗಂಟೆಯ ಆ ಹಾರಾಟವೇ. 2020ರ ಮಾರ್ಚ್‌ನಲ್ಲಿ ಕುಸಿದದ್ದು ಅದು.

ಇನ್ನು ಅಲ್ ಬರ್ಷಾದ ಬಗ್ಗೆ. ಶೇಖ್ ಜಾಯೆದ್ ರಸ್ತೆಯ ಪಕ್ಕದ ಈ ಬಡಾವಣೆಯಲ್ಲಿ ಒಂದು ಕಡೆ ಅಪಾರ್ಟ್‌ಮೆಂಟುಗಳು, ಒಳಗೆ ಹೋದಂತೆ ವಿಲ್ಲಾಗಳು. ಇಂಟರ್ನೆಟ್ ಸಿಟಿ, ಮೀಡಿಯಾ ಸಿಟಿಗಳು ಹತ್ತಿರ. ಹಾಗಾಗಿ ಬೆಂಗಳೂರು, ಮೈಸೂರು ಕಡೆಯ ಕಂಪ್ಯೂಟರ್ ಕೆಲಸದವರೂ ಕರಾವಳಿಯ ಹೋಟೆಲ್, ಲೆಕ್ಕಪತ್ರದ ಕೆಲಸದವರೂ ಇಲ್ಲಿ ಬಾಡಿಗೆಗೆ ಇರುತ್ತಾರೆ. 2005ರಲ್ಲಿ ತೆರೆದ ಮಾಲ್ ಆಫ್ ದಿ ಎಮಿರೇಟ್ಸ್ ಇರುವುದು ಇಲ್ಲೇ. ಊರಿನಿಂದ ಬಂದ ಹಿರಿಯರಿಗೆ ಅದು ಅಂಗಡಿಗಿಂತ ಹೆಚ್ಚಾಗಿ ಬೆಳಗಿನ ನಡಿಗೆಯ ಜಾಗ. ಬಿಸಿಲೇರಿದ ಮೇಲೂ ತಂಪಿನಲ್ಲಿ ಎರಡು ಸುತ್ತು ಹಾಕಬಹುದು, ಬೆಂಚಿನ ಮೇಲೆ ಕುಳಿತು ತಮ್ಮ ವಯಸ್ಸಿನವರ ಜೊತೆ ನಾಲ್ಕು ಮಾತಾಡಬಹುದು. ಇನ್ನೊಂದು ಜಾಗ ಅಲ್ ಬರ್ಷಾ ಪಾಂಡ್ ಪಾರ್ಕ್. ಅಲ್ಲಿನ ಕೊಳದ ಸುತ್ತ ಸುಮಾರು ಒಂದೂವರೆ ಕಿಲೋಮೀಟರ್ ನಡಿಗೆಯ ಹಾದಿಯಿದೆ. ಸಂಜೆ ಅಲ್ಲಿ ಕಿವಿಗೊಟ್ಟರೆ ಮಲಯಾಳ, ಹಿಂದಿ, ಅರಬ್ಬಿಗಳ ನಡುವೆ ತುಳುವೂ ಕನ್ನಡವೂ ಕೇಳುತ್ತಿತ್ತು.

ಮಾರ್ಚ್ ಕೊನೆಗೆ ಮಾಲ್ ಮುಚ್ಚಿತು, ಪಾರ್ಕ್ ಮುಚ್ಚಿತು. ಏಪ್ರಿಲ್ 4ರ ರಾತ್ರಿಯಿಂದ ದುಬೈಯಲ್ಲಿ ದಿನದ 24 ಗಂಟೆಯೂ ನಿರ್ಬಂಧ. ಔಷಧಿಗೋ ದಿನಸಿಗೋ ಹೊರಡಬೇಕಾದರೂ ಆನ್‌ಲೈನ್ ಪರವಾನಗಿ ಪಡೆಯಬೇಕಿತ್ತು. ಏಪ್ರಿಲ್ 24ರ ಹೊತ್ತಿಗೆ, ರಂಜಾನ್ ಆರಂಭದೊಂದಿಗೆ, ಬಿಗಿ ಸಡಿಲವಾಯಿತು. ಮಾಲ್‌ಗಳು ತೆರೆದವು. ಆದರೆ 60 ದಾಟಿದವರಿಗೂ ಸಣ್ಣ ಮಕ್ಕಳಿಗೂ ಒಳಗೆ ಪ್ರವೇಶವಿಲ್ಲ. ನೆಂಟರ ಮನೆಗೆ ಹೋಗಬಹುದು, ಆದರೆ 60 ದಾಟಿದವರನ್ನು ಭೇಟಿಯಾಗಬೇಡಿ ಎಂಬ ಸೂಚನೆ. ಕಾರಣ ಅರ್ಥವಾಗದ್ದೇನಲ್ಲ. ಭಾರತದಲ್ಲಿ ಕೋವಿಡ್‌ಗೆ ಮೊದಲು ಬಲಿಯಾದವರೇ ಸೌದಿ ಅರೇಬಿಯಾದಿಂದ ಮರಳಿದ್ದ ಕಲಬುರಗಿಯ 76 ವರ್ಷದ ಹಿರಿಯರು. ಮಾರ್ಚ್ 12ರಂದು ಆ ಸುದ್ದಿ ಖಚಿತವಾದಾಗ ಕೊಲ್ಲಿಯ ಕನ್ನಡ ಮನೆಗಳಲ್ಲಿ ಮೌನ ಕವಿದಿತ್ತು. ರಕ್ಷಣೆಗೆಂದೇ ಮಾಡಿದ ನಿಯಮ ಅದು. ಆದರೂ ವಯಸ್ಸಾದವರು ಎಂಬ ಕಾರಣಕ್ಕೆ ಬಾಗಿಲಲ್ಲಿ ತಡೆಯಲ್ಪಡುವುದು ನಮ್ಮ ಹಿರಿಯರಿಗೆ ಹೊಸ ಅನುಭವ. ಜೂನ್ 18ಕ್ಕೆ ಆ ತಡೆ ತೆಗೆದರು. ಅಷ್ಟರಲ್ಲಿ ಹೊರಗೆ ಕಾಲಿಡಲಾಗದ ಬೇಸಿಗೆ ಬಂದಾಗಿತ್ತು.

ಆ ಮೂರು ತಿಂಗಳು ನಡಿಗೆ ನಡೆದದ್ದು ಕಾರಿಡಾರುಗಳಲ್ಲಿ. ನಮ್ಮ ಕಟ್ಟಡದಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರು ಲಿಫ್ಟಿನಿಂದ ತುದಿಯ ಕಿಟಕಿಯವರೆಗೆ ಹೆಜ್ಜೆ ಎಣಿಸಿಟ್ಟುಕೊಂಡಿದ್ದರು. ದಿನಕ್ಕೆ ಇಷ್ಟು ಸಲ ಎಂದು ಲೆಕ್ಕ. ಜಪಮಣಿಯೇ ಲೆಕ್ಕದ ಯಂತ್ರ. ವಾರಕ್ಕೆ ಕನಿಷ್ಠ 150 ನಿಮಿಷವಾದರೂ ನಡಿಗೆಯಂಥ ಚಟುವಟಿಕೆ ಬೇಕು, ಬೀಳದಂತೆ ಮೈ ಸಮತೋಲದ ವ್ಯಾಯಾಮವನ್ನೂ ಹಿರಿಯರು ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷದ ನವೆಂಬರ್‌ನಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ಕಾರಿಡಾರಿನವರು ಅದಕ್ಕೆ ಕಾದಿರಲಿಲ್ಲ. ಮನೆಯೊಳಗೇ ಕೂತರೆ ಮಂಡಿ ಹಿಡಿಯುತ್ತದೆ, ಸಕ್ಕರೆ ಏರುತ್ತದೆ, ನಿದ್ದೆ ಕೆಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ನಡಿಗೆಗಿಂತ ದೊಡ್ಡ ಚಿಂತೆ ಮಾತ್ರೆಯದು. ಮೂರು ತಿಂಗಳಿಗೆಂದು ಬಂದವರ ಬಳಿ ಮೂರು ತಿಂಗಳ ಬಿಪಿ, ಶುಗರ್ ಮಾತ್ರೆಗಳಷ್ಟೇ ಇದ್ದವು. ಊರಿನ ಬ್ರಾಂಡಿನ ಹೆಸರು ಇಲ್ಲಿನ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ. ಖಾಲಿ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧದ ಹೆಸರು ಓದಿ, ವೈದ್ಯರಿಗೆ ಫೋನ್ ಮಾಡಿ, ಚೀಟಿ ಬರೆಸಿಕೊಳ್ಳಬೇಕು. ಸಂದರ್ಶಕರ ವಿಮೆ ಹಳೆಯ ಕಾಯಿಲೆಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಹಾಗಾಗಿ ವಾಟ್ಸಾಪ್ ಗುಂಪುಗಳಲ್ಲಿ ಅದುವರೆಗೆ ಹಬ್ಬದ ಶುಭಾಶಯ ಹಂಚುತ್ತಿದ್ದವರು ಮಾತ್ರೆಯ ಪಟ್ಟಿಯ ಚಿತ್ರ ಹಾಕತೊಡಗಿದರು. ಒಬ್ಬರ ಮನೆಯಲ್ಲಿ ಉಳಿದದ್ದು ಇನ್ನೊಬ್ಬರ ಮನೆಯ ಬಾಗಿಲಿಗೆ ತಲುಪಿತು. ಯುಎಇಯ ಕನ್ನಡ ಸಂಘಟನೆಗಳು ಸಭಾಂಗಣದ ಕಾರ್ಯಕ್ರಮಗಳನ್ನು ಬಿಟ್ಟು ದಿನಸಿ ಹಂಚಿಕೆಗೆ, ಊರಿಗೆ ಮರಳುವವರ ಪಟ್ಟಿ ಮಾಡುವುದಕ್ಕೆ ಇಳಿದದ್ದೂ ಆಗಲೇ.

ಈಗ ಕಡಲಾಚೆಯ ಮಾತು. ಊರಿನಲ್ಲಿದ್ದ ಹಿರಿಯರೊಡನೆ ನಮ್ಮ ಕೊಂಡಿ ಕಾಲಕ್ಕೊಂದು ರೂಪ ತಳೆದಿದೆ. ಮೊದಲು ಕಾಗದ, ಆಮೇಲೆ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದ ಮಾತು ತುಂಬಿದ ಕ್ಯಾಸೆಟ್, ನಂತರ ಐಎಸ್‌ಡಿ ಬೂತು, ಕೆರೆದು ನಂಬರ್ ಒತ್ತುವ ಕಾರ್ಡು. ಸ್ಮಾರ್ಟ್‌ಫೋನ್ ಬಂದ ಮೇಲೆ ಜಗತ್ತಿನ ಉಳಿದ ಕಡೆಯವರು ವಾಟ್ಸಾಪ್‌ನಲ್ಲಿ ಮುಖ ನೋಡಿ ಮಾತಾಡಿದರು. ಯುಎಇಯಲ್ಲಿ ಆ ಕರೆಗಳು ನಡೆಯುವುದಿಲ್ಲ. ಹಾಗಾಗಿ ಆಗ ತಿಂಗಳ ಶುಲ್ಕ ಕಟ್ಟಿ ಬೋಟಿಮ್‌ನಂಥ ಅನುಮತಿಯಿದ್ದ ಆ್ಯಪ್ ಹಾಕಿಕೊಂಡು, ಊರಿನ ಅಮ್ಮನ ಫೋನಿಗೂ ಅದನ್ನೇ ಹಾಕಿಸಬೇಕಿತ್ತು. ರಜೆಯಲ್ಲಿ ಊರಿಗೆ ಹೋದಾಗ ಹಾಕಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. 2020ರ ಮಾರ್ಚ್‌ನಲ್ಲಿ ಶಾಲೆ, ಕಚೇರಿಗಳು ಮನೆಗೆ ಬಂದಾಗ ಜೂಮ್, ಟೀಮ್ಸ್ ಮುಂತಾದವಕ್ಕೆ ಇಲ್ಲಿನ ದೂರಸಂಪರ್ಕ ಪ್ರಾಧಿಕಾರ ಅನುಮತಿ ಕೊಟ್ಟಿತು. ಮಕ್ಕಳ ಪಾಠಕ್ಕೆಂದು ತೆರೆದ ಆ ಕಿಟಕಿಯಿಂದ ಅಜ್ಜ-ಅಜ್ಜಿಯರೂ ಒಳಬಂದರು.

ಹೀಗೆ ಬಂದವರೊಡನೆ ಮಾತಾಡುವುದೇನನ್ನು? ಮೊದಲ ವಾರಗಳಲ್ಲಿ ಎಲ್ಲ ಕರೆಗಳೂ ಒಂದೇ ತರಹ. ಊಟ ಆಯಿತಾ, ಮಾತ್ರೆ ತಗೊಂಡಿರಾ, ಹೊರಗೆ ಹೋಗಬೇಡಿ. ಉತ್ತರವೂ ಒಂದೇ: ಹೂಂ. ಮೂರು ನಿಮಿಷದಲ್ಲಿ ಮಾತು ಮುಗಿಯುತ್ತಿತ್ತು. ಮಾರ್ಚ್ 28ರಿಂದ ದೂರದರ್ಶನ ಹಳೆಯ ‘ರಾಮಾಯಣ’ವನ್ನು ಬೆಳಿಗ್ಗೆ ಮತ್ತು ರಾತ್ರಿ ಒಂಬತ್ತಕ್ಕೆ ಮತ್ತೆ ತೋರಿಸಲು ಶುರುಮಾಡಿತು. ಆ ಹೊತ್ತಿಗೆ ಫೋನ್ ಮಾಡಿದರೆ ಎತ್ತುವವರೂ ಇಲ್ಲ. ದುಬೈ ಗಡಿಯಾರ ಒಂದೂವರೆ ಗಂಟೆ ಹಿಂದೆ. ನಮ್ಮ ಏಳೂವರೆ ಅವರ ಒಂಬತ್ತು ಎಂಬುದನ್ನು ಮೊಮ್ಮಕ್ಕಳು ಆಗ ಬಾಯಿಪಾಠ ಮಾಡಿಕೊಂಡರು.

ಬದಲಾವಣೆ ಬಂದದ್ದು ಹಿರಿಯರಿಗೆ ಕೆಲಸ ಸಿಕ್ಕಾಗ. ಅಪ್ಪ-ಅಮ್ಮ ಇಬ್ಬರೂ ಮನೆಯಿಂದಲೇ ಕಚೇರಿ ಕೆಲಸದಲ್ಲಿದ್ದಾಗ, ಪರದೆಯ ಮುಂದಿನ ಪಾಠ ಮುಗಿಸಿದ ಮಗುವನ್ನು ಯಾರು ನೋಡಿಕೊಳ್ಳಬೇಕು? ಬರ್ಷಾದಲ್ಲೇ ಸಿಕ್ಕಿಬಿದ್ದ ಅಜ್ಜಿ ಮನೆಯೊಳಗೆ, ಊರಿನ ಅಜ್ಜ ಪರದೆಯೊಳಗೆ ಆ ಹೊತ್ತನ್ನು ವಹಿಸಿಕೊಂಡರು. ಒಬ್ಬರು ಮಗ್ಗಿ ಹೇಳಿಸಿದರು, ಇನ್ನೊಬ್ಬರು ಕಾಗುಣಿತ ಬರೆಸಿದರು, ಮತ್ತೊಬ್ಬರು ಯಕ್ಷಗಾನದ ಪ್ರಸಂಗವನ್ನು ದಿನಕ್ಕೊಂದು ಕಂತಿನಂತೆ ಕತೆಯಾಗಿ ಹೇಳಿದರು. ಆ ಮಾರ್ಚ್‌ನಲ್ಲಿ ಮೇಳಗಳ ತಿರುಗಾಟವೂ ಅರ್ಧದಲ್ಲೇ ನಿಂತಿತ್ತಲ್ಲ, ಅವರಿಗೂ ಅದು ಬೇಕಿತ್ತು. ಉಪ್ಪಿನಕಾಯಿ ಹಾಕುವುದನ್ನು ಸೊಸೆ ಕೇಳಿದಳು, ಜಾಗದ ಹಳೆಯ ಕಾಗದಪತ್ರದ ವಿವರ ಮಗ ಕೇಳಿದ. ಹುಷಾರಾ ಎಂದು ಕೇಳಿದಾಗ ಮೂರು ನಿಮಿಷ ಮಾತಾಡದವರು, ಇದು ಹೇಗೆ ಎಂದು ಕೇಳಿದಾಗ ಒಂದು ಗಂಟೆ ಮಾತಾಡಿದರು. ಮರುದಿನದ ಪಾಠಕ್ಕೆ ಸಿದ್ಧರಾಗಲು ಪುಸ್ತಕ ತೆಗೆದರು, ಸ್ನಾನ ಮುಗಿಸಿ ಒಳ್ಳೆಯ ಅಂಗಿ ತೊಟ್ಟು ಹೊತ್ತಿಗೆ ಮುಂಚೆಯೇ ಬಂದು ಕುಳಿತರು. ದುಬೈಯ ಕನ್ನಡ ಪಾಠಶಾಲೆಯಂಥ ತರಗತಿಗಳು ಆನ್‌ಲೈನ್ ಆದಾಗ ಮಗುವಿನ ಪಕ್ಕದಲ್ಲಿ ಕುಳಿತು ತಿದ್ದುವವರೂ ಹಲವು ಮನೆಗಳಲ್ಲಿ ಅವರೇ. ಎಷ್ಟೋ ಮನೆಗಳಲ್ಲಿ ಮೂರು ತಲೆಮಾರು ಒಂದೇ ಸೂರಿನಡಿ ಅಷ್ಟು ದಿನ ಇದ್ದದ್ದು ಅದೇ ಮೊದಲು.

ಇದನ್ನು ಸುಖದ ಕಾಲವೆಂದು ಹೇಳಲಾರೆ. ಮನೆ ಸಣ್ಣದು, ಕೆಲವರ ಸಂಬಳ ಕಡಿತ, ಕೆಲವರ ಕೆಲಸವೇ ಹೋಯಿತು. ಮಗನಿಗೆ ಭಾರವಾದೆವಲ್ಲ ಎಂದು ಹಿರಿಯರು ಒಳಗೊಳಗೇ ಕುದಿದರು. ಊರಿನ ತೋಟಕ್ಕೆ ನೀರು ಬಿಡುವವರಿಲ್ಲ, ಮನೆಯ ಬೀಗ ಹಾಕಿದಂತೆಯೇ ಇದೆ. ಮೇ 7ರಂದು ವಂದೇ ಭಾರತ್ ವಿಮಾನಗಳು ಶುರುವಾದವು. ಮೇ 12ರಂದು ದುಬೈಯಿಂದ ಮೊದಲನೆಯದು ಮಂಗಳೂರಿಗೆ ಹೋಯಿತು. ವಯಸ್ಸಾದವರಿಗೆ, ಗರ್ಭಿಣಿಯರಿಗೆ, ಕೆಲಸ ಕಳೆದುಕೊಂಡವರಿಗೆ ಆದ್ಯತೆ. ಹೋದರೆ ಇಳಿದಲ್ಲಿ ಕ್ವಾರಂಟೈನ್, ಆಮೇಲೆ ಖಾಲಿ ಮನೆ. ಇದ್ದರೆ ವೀಸಾದ ಚಿಂತೆ. ಮಾರ್ಚ್ 1ರ ನಂತರ ಮುಗಿದ ವೀಸಾಗಳು ಡಿಸೆಂಬರ್‌ವರೆಗೆ ನಡೆಯುತ್ತವೆ ಎಂದಿದ್ದ ಸರ್ಕಾರ ಜುಲೈಯಲ್ಲಿ ಆ ತೀರ್ಮಾನ ಹಿಂಪಡೆಯಿತು. ಸಂದರ್ಶಕರು ಆಗಸ್ಟ್ 11ರೊಳಗೆ ಹೊರಡಬೇಕು ಎಂದಿದ್ದು ಮತ್ತೆ ಒಂದು ತಿಂಗಳು ಮುಂದೆ ಹೋಯಿತು. ಮೂರು ತಿಂಗಳಿಗೆ ಬಂದವರು ಹೀಗೆ ಆರು, ಏಳು ತಿಂಗಳ ಅಜ್ಜ-ಅಜ್ಜಿಯರಾಗಿ ಮರಳಿದರು.

ಊರಿನಲ್ಲಿ ಒಂಟಿಯಾಗಿದ್ದವರಿಗೂ ಒಂದಿಷ್ಟು ಆಸರೆ ಇತ್ತು. ಬೆಂಗಳೂರಿನಲ್ಲಿ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ ನಡೆಸುವ ಹಿರಿಯರ ಸಹಾಯವಾಣಿ 1090 ಮೊದಲಿನಿಂದಲೇ ಇತ್ತು. 2020ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರದ ‘ಆಪ್ತಮಿತ್ರ’ 14410 ಬಂತು. ಇಲ್ಲಿಂದ ನಾವು ಮಾಡಿದ ಮೊದಲ ಕೆಲಸ ಆ ನಂಬರುಗಳನ್ನು ಅಮ್ಮನ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದು. ಆದರೆ ಹೆಚ್ಚು ಕೆಲಸಕ್ಕೆ ಬಂದವರು ಪಕ್ಕದ ಮನೆಯವರು, ಔಷಧಿ ಅಂಗಡಿಯ ಹುಡುಗ, ಆಶಾ ಕಾರ್ಯಕರ್ತೆ.

ಕಠಿಣ ಪರೀಕ್ಷೆ ಎದುರಾದದ್ದು 2021ರಲ್ಲಿ. ಏಪ್ರಿಲ್ 24ರ ರಾತ್ರಿಯಿಂದ ಭಾರತದ ಪ್ರಯಾಣಿಕರಿಗೆ ಯುಎಇ ಬಾಗಿಲು ಹಾಕಿತು, ಆಗಸ್ಟ್ 5ರಂದು ಲಸಿಕೆ ಪಡೆದ ನಿವಾಸಿಗಳಿಗೆ ಮೊದಲು ತೆರೆಯಿತು. ಹೋಗಲು ತಡೆಯಿರಲಿಲ್ಲ, ಮರಳಲು ದಾರಿಯಿರಲಿಲ್ಲ. ಅರ್ಮೇನಿಯಾದಂಥ ಮೂರನೆಯ ದೇಶದಲ್ಲಿ 14 ದಿನ ಕಳೆದು ಬರುವಷ್ಟು ಹಣ, ರಜೆ ಎಷ್ಟು ಜನರಿಗಿತ್ತು? ಅದೇ ಎರಡನೆಯ ಅಲೆಯಲ್ಲಿ ಕರ್ನಾಟಕದ ಆಸ್ಪತ್ರೆಗಳಲ್ಲಿ ಹಾಸಿಗೆ, ಆಮ್ಲಜನಕಕ್ಕೆ ಪರದಾಟ. ಹೆತ್ತವರ ಕೊನೆಯ ದರ್ಶನವನ್ನು ಬರ್ಷಾದ ಸೋಫಾದ ಮೇಲೆ ಕುಳಿತು ಫೋನಿನಲ್ಲಿ ಮಾಡಿದವರು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಕೆಲವರಿಗೆ ಇಂದು ಉಳಿದಿರುವುದು ಆ ವರ್ಷದ ಪಾಠಗಳ, ಕತೆಗಳ ರೆಕಾರ್ಡಿಂಗ್.

ಅಷ್ಟರಲ್ಲಿ ಲಸಿಕೆ ಬಂದಿತ್ತು. 2020ರ ಡಿಸೆಂಬರ್ 23ರಂದು ದುಬೈ ಲಸಿಕೆ ಅಭಿಯಾನ ಆರಂಭಿಸಿದಾಗ ಮೊದಲ ಚುಚ್ಚುಮದ್ದು ಪಡೆದವರು 84 ವರ್ಷದ ಎಮಿರಾತಿ ಹಿರಿಯರು. ಮೊದಲ ಕೇಂದ್ರಗಳಲ್ಲಿ ಬರ್ಷಾ ಆರೋಗ್ಯ ಕೇಂದ್ರವೂ ಒಂದು. ಭಾರತದಲ್ಲಿ 60 ದಾಟಿದವರಿಗೆ 2021ರ ಮಾರ್ಚ್ 1ರಿಂದ ಕೊಡತೊಡಗಿದರು. ಕೋವಿನ್‌ನಲ್ಲಿ ದುಬೈಯ ಮಗಳು ದಿನ ಗೊತ್ತುಮಾಡುವುದು, ಊರಿನ ಅಪ್ಪ ಫೋನಿಗೆ ಬಂದ ಒಟಿಪಿಯನ್ನು ಕನ್ನಡಕ ಹುಡುಕಿ ಓದಿ ಹೇಳುವುದು, ಅಷ್ಟರಲ್ಲಿ ಅದರ ಸಮಯ ಮೀರಿ ಇನ್ನೊಮ್ಮೆ ಶುರುಮಾಡುವುದು ಎಷ್ಟೋ ಮನೆಗಳಲ್ಲಿ ನಡೆಯಿತು.

ಒಂದು ವರ್ಷ ತಡವಾಗಿ, 2021ರ ಅಕ್ಟೋಬರ್ 1ರಂದು ಎಕ್ಸ್‌ಪೋ 2020 ತೆರೆದಾಗ 60 ದಾಟಿದವರಿಗೆ ಪ್ರವೇಶ ಉಚಿತ. ಹದಿನೇಳು ತಿಂಗಳ ಹಿಂದೆ ಅದೇ ವಯಸ್ಸು ಮಾಲ್‌ನ ಬಾಗಿಲಲ್ಲಿ ಅಡ್ಡಿಯಾಗಿತ್ತು. 2020ರ ಸೆಪ್ಟೆಂಬರ್‌ನಲ್ಲಿ ದುಬೈ, 55 ದಾಟಿದ ಅನುಕೂಲಸ್ಥರಿಗೆ ಐದು ವರ್ಷದ ನಿವೃತ್ತಿ ವೀಸಾ ಯೋಜನೆಯನ್ನೂ ಪ್ರಕಟಿಸಿತು. ಮುಪ್ಪಿಗೆ ಈ ನೆಲದ ಲೆಕ್ಕದಲ್ಲಿ ಸಣ್ಣದೊಂದು ಜಾಗ ಸಿಕ್ಕಿತು. ಆದರೆ ಆಗ ಅದು ತಿಂಗಳಿಗೆ 20,000 ದಿರ್ಹಮ್ ಆದಾಯವೋ ಹತ್ತು ಲಕ್ಷ ದಿರ್ಹಮ್ ಉಳಿತಾಯವೋ ಇದ್ದಂಥವರಿಗೆ ಸಿಗುತ್ತಿತ್ತು. ಉಳಿದವರ ಅಪ್ಪ-ಅಮ್ಮಂದಿರ ದುಬೈ ಈಗಲೂ ಸಂದರ್ಶಕ ವೀಸಾದಷ್ಟೇ ಉದ್ದ.

ವಿಮಾನಗಳು ಮತ್ತೆ ಹಾರುತ್ತಿವೆ. ಪಾಂಡ್ ಪಾರ್ಕಿನಲ್ಲಿ ಸಂಜೆ ಮತ್ತೆ ತುಳು, ಕನ್ನಡ ಕೇಳುತ್ತದೆ. ಇದರ ಜೊತೆಗೆ ಹಳೆಯ ಅಭ್ಯಾಸವೂ ಮರಳಿದೆ. ಕರೆ ಮತ್ತೆ ಮೂರು ನಿಮಿಷಕ್ಕೆ ಇಳಿದಿದೆ: ಊಟ, ಮಾತ್ರೆ, ಹುಷಾರು. ಆ ಕಾಲ ಕಲಿಸಿದ ಒಂದು ಸಂಗತಿಯನ್ನಾದರೂ ಬಿಡದೆ ಉಳಿಸಿಕೊಳ್ಳುವುದಾದರೆ ಅದು ಇದೇ: ಹಿರಿಯರನ್ನು ಚುರುಕಾಗಿಟ್ಟದ್ದು ನಮ್ಮ ಕಾಳಜಿಗಿಂತ ಹೆಚ್ಚಾಗಿ ಅವರಿಂದ ನಮಗೆ ಆಗಬೇಕಾಗಿದ್ದ ಕೆಲಸ. ಮಗ್ಗಿ ಹೇಳಿಸಲು, ಕತೆ ಮುಂದುವರಿಸಲು, ಕಾಗುಣಿತ ತಿದ್ದಲು ಒಬ್ಬರು ಬೇಕೆಂದು ಕರೆದರೆ ಇಂದಿಗೂ ಅವರು ಹೊತ್ತಿಗೆ ಮುಂಚೆಯೇ ಬಂದು ಕೂರುತ್ತಾರೆ.